ಲಾಳವೋ ಬರಿಗೊರಸೋ: ಜಗಳ ಕಾಲಿನದು, ಕಾರಣ ನೆಲದ್ದು

ಕುದುರೆಗೆ ಲಾಳ ಕಟ್ಟಿಸಬೇಕೋ ಬರಿಗೊರಸಿನಲ್ಲೇ ಬಿಡಬೇಕೋ ಎಂಬ ಪ್ರಶ್ನೆ ಮುಂಬೈ, ಪುಣೆಗಳ ಕುದುರೆಪ್ರಿಯರಲ್ಲಿ ಈಗ ಎರಡು ಪಕ್ಷಗಳನ್ನು ಹುಟ್ಟುಹಾಕಿದೆ. ಒಂದು ಪಕ್ಷಕ್ಕೆ ಮೊಳೆ ಹೊಡೆಯುವುದೇ ಹಿಂಸೆ, ಇನ್ನೊಂದಕ್ಕೆ ಲಾಳವಿಲ್ಲದೆ ದುಡಿಸುವುದು ಹಿಂಸೆ. ಊರ ಸಂತೆಯಲ್ಲಿ ಎತ್ತನ್ನು ಕೆಡವಿ ಲಾಳ ಕಟ್ಟುವುದನ್ನು ನೋಡಿ ಬೆಳೆದ ನಮ್ಮಲ್ಲನೇಕರಿಗೆ ಈ ಚರ್ಚೆಯೇ ವಿಚಿತ್ರವೆನಿಸಬಹುದು.

ಗೊರಸಿನ ಹೊರಗೋಡೆಗೆ ನೋವಿನ ಅರಿವಿಲ್ಲ. ನಮ್ಮ ಉಗುರಿನಂತೆ ಅದೂ ಬೆಳೆಯುತ್ತಲೇ ಇರುತ್ತದೆ, ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಷ್ಟು. ಬೆಳೆದದ್ದಕ್ಕಿಂತ ಸವೆದದ್ದು ಹೆಚ್ಚಾದರೆ ಕುದುರೆ ಕುಂಟುತ್ತದೆ. ಲಾಳವು ಸವೆತವನ್ನು ತಡೆಯುತ್ತದೆಯೇ ಹೊರತು ಬೆಳವಣಿಗೆಯನ್ನಲ್ಲ. ಆದ್ದರಿಂದ ಆರೆಂಟು ವಾರಗಳಿಗೊಮ್ಮೆ ಲಾಳ ಕಟ್ಟುವ ನಾಲಬಂದನು ಅದನ್ನು ಕಿತ್ತು, ಗೊರಸನ್ನು ಹೆರೆದು, ಮತ್ತೆ ಕಟ್ಟಬೇಕು. ಖರ್ಚಿಗೆ ಹೆದರಿ ಇದನ್ನು ಮುಂದೂಡಿದಾಗ ಹುಟ್ಟುವ ತೊಂದರೆಗಳನ್ನೆಲ್ಲ ಲಾಳದ ಲೆಕ್ಕಕ್ಕೆ ಬರೆಯುವುದು ಅಷ್ಟು ನ್ಯಾಯವಲ್ಲ.

ಮುಂಬೈಯಲ್ಲಿ 1874ರಲ್ಲಿ ಕುದುರೆ ಟ್ರಾಮ್ ಬಂದು, 1907ರಲ್ಲಿ ವಿದ್ಯುತ್ ಟ್ರಾಮ್ ಅದರ ಜಾಗ ಹಿಡಿದು, ಉಳಿದ ವಿಕ್ಟೋರಿಯಾ ಕುದುರೆಗಾಡಿಗಳ ಮೋಜಿನ ಸವಾರಿಯನ್ನು 2015ರಲ್ಲಿ ಬಾಂಬೆ ಹೈಕೋರ್ಟ್ ಕಾನೂನುಬಾಹಿರವೆಂದು ಸಾರುವವರೆಗೆ, ಬರಿಗೊರಸಿನ ಮಾತಿಗೆ ಈ ನಗರದ ಬೀದಿಗಳಲ್ಲಿ ಹೆಚ್ಚು ಎಡೆಯಿರಲಿಲ್ಲ. ಮಹಾಲಕ್ಷ್ಮಿ ಮತ್ತು ಪುಣೆಯ ರೇಸ್‌ಕೋರ್ಸ್‌ಗಳಲ್ಲಿ ಪ್ರಶ್ನೆಯೇ ಬೇರೆ: ಹುಲ್ಲಿನ ಮೇಲೆ ಓಡುವ ಆ ಕುದುರೆಗಳ ವಿಷಯದಲ್ಲಿ ಉಕ್ಕೋ ಹಗುರವಾದ ಅಲ್ಯೂಮಿನಿಯಮ್ಮೋ ಎಂಬುದಷ್ಟೇ ಚರ್ಚೆ.

ಬರಿಗೊರಸಿನ ವಾದಕ್ಕೆ ಬಲ ಬಂದದ್ದು ಹೊರಗಿನಿಂದ. ಲಾಳ ಕಟ್ಟುವ ಕಸುಬಿನವರೇ ಆಗಿದ್ದ ಅಮೆರಿಕದ ಜೇಮಿ ಜಾಕ್ಸನ್ 1980ರ ದಶಕದಲ್ಲಿ ಅಲ್ಲಿನ ಗ್ರೇಟ್ ಬೇಸಿನ್ ಪ್ರದೇಶದ ಕಾಡುಕುದುರೆಗಳ ಗೊರಸುಗಳನ್ನು ಅಧ್ಯಯನ ಮಾಡಿದರು. ಜರ್ಮನಿಯ ಪಶುವೈದ್ಯೆ ಹಿಲ್ಟ್ರುಡ್ ಸ್ಟ್ರಾಸರ್, ಲಾಳವು ಗೊರಸು ಹಿಗ್ಗಿ ಕುಗ್ಗುವುದನ್ನು ತಡೆಯುತ್ತದೆಂದು ವಾದಿಸಿದರು. ವಾದದಲ್ಲಿ ಹುರುಳಿದೆ. ಆದರೆ ಗ್ರೇಟ್ ಬೇಸಿನ್ ಒಣನಾಡು, ನಮ್ಮದು ನಾಲ್ಕು ತಿಂಗಳು ನೆನೆಯುವ ನಾಡು. ನೆನೆದ ಗೊರಸು ಮೆದುವಾಗಿ ಬೇಗ ಸವೆಯುತ್ತದೆ, ತಳದಲ್ಲಿ ಕೊಳೆಯುವುದೂ ಉಂಟು.

ಈ ಗೋಜಲು ಎದ್ದು ಕಾಣುವುದು ಮುಂಬೈ ಮಂದಿಗೆ ಚಿರಪರಿಚಿತವಾದ ಮಾಥೇರಾನದಲ್ಲಿ. ಮೋಟಾರು ವಾಹನಗಳಿಗೆ ಪ್ರವೇಶವಿಲ್ಲದ ಆ ಬೆಟ್ಟದಲ್ಲಿ ವಾಹನಗಳು ನಿಲ್ಲಬೇಕಾದ ದಸ್ತೂರಿ ನಾಕಾದಿಂದ ಪೇಟೆಯವರೆಗೆ ಜನರನ್ನೂ ಸಾಮಾನನ್ನೂ ಬಹುಮಟ್ಟಿಗೆ ಕುದುರೆಗಳೇ ಹೊತ್ತಿವೆ. ಅಲ್ಲಿನದು ಕೆಂಪು ಜಂಬಿಟ್ಟಿಗೆ ಮಣ್ಣು. ಲಾಳದ ಅಂಚು ಅದರಲ್ಲಿ ಕಚ್ಚಿಕೊಂಡು ಇಳಿಜಾರಿನಲ್ಲೂ ಹಿಡಿತ ಸಿಗುತ್ತದೆ. ಮಣ್ಣು ಕೊಚ್ಚಿಹೋಗುತ್ತದೆ, ಧೂಳು ಏಳುತ್ತದೆ ಎಂಬ ಕಾರಣಗಳಿಂದ ದಾರಿಗೆ ಪೇವರ್ ಬ್ಲಾಕಿನ ಗಟ್ಟಿ ಹಾಸು ಬಂದಾಗ, ಸವೆದು ನುಣುಪಾದ ಕಬ್ಬಿಣಕ್ಕೆ ಆ ಗಟ್ಟಿ ಮೈಯ ಮೇಲೆ, ಅದರಲ್ಲೂ ನೀರು ಬಿದ್ದಾಗ, ಹಿಡಿತ ಉಳಿಯಲಿಲ್ಲ. ಕುದುರೆಗಳು ಜಾರುತ್ತವೆಂದು ಮಾಲೀಕರು ದೂರಿದರು. ಧೂಳು ತಪ್ಪಿತೆಂದು ಉಳಿದವರು ಸಮಾಧಾನಪಟ್ಟರು. ಬ್ಲಾಕುಗಳ ಜಗಳವೂ, ಆ ಬೆಟ್ಟದಲ್ಲಿ ಬ್ಯಾಟರಿಯ ಇ-ರಿಕ್ಷಾ ಬಿಡುವ ಜಗಳವೂ ಸುಪ್ರೀಂ ಕೋರ್ಟಿನವರೆಗೆ ಹೋದವು. ಗಮನಿಸಬೇಕಾದ ಸಂಗತಿಯೆಂದರೆ, ಆಗ ಬದಲಾದದ್ದು ದಾರಿ. ಹೊಂದಿಕೊಳ್ಳಬೇಕಾಗಿ ಬಂದದ್ದು ಕುದುರೆಗೆ.

ಹಾಗಾದರೆ ಲಾಳ ಬಿಚ್ಚಿಬಿಡಬಹುದಲ್ಲ ಎಂಬ ಸಲಹೆ ಕೇಳಲು ಸುಲಭವಾಗಿದೆ. ಬರಿಗೊರಸಿನ ತಳವು ಗಟ್ಟಿ ನೆಲವನ್ನು ಕಬ್ಬಿಣಕ್ಕಿಂತ ಚೆನ್ನಾಗಿ ಹಿಡಿಯುತ್ತದೆಂಬುದೂ ನಿಜವೇ. ಆದರೆ ವರ್ಷಗಟ್ಟಲೆ ಲಾಳದಲ್ಲಿದ್ದ ಕಾಲು ಹದಕ್ಕೆ ಬರಲು ತಿಂಗಳುಗಳು ಬೇಕು, ಮುಂಭಾಗದ ಗೋಡೆ ಪೂರ್ತಿ ಹೊಸದಾಗಲು ಹೆಚ್ಚುಕಡಿಮೆ ಒಂದು ವರ್ಷವೇ ಹಿಡಿಯುತ್ತದೆ. ಅಷ್ಟು ಕಾಲ ಕುದುರೆಯ ಕೆಲಸ ತಗ್ಗಿಸಬೇಕು, ಮೇವು ಮಾತ್ರ ತಗ್ಗುವುದಿಲ್ಲ. ವಾರಕ್ಕೆರಡು ದಿನ ಸವಾರಿ ಮಾಡುವ ಪುಣೆಯ ಹವ್ಯಾಸಿಗೆ ಇದು ಸಾಧ್ಯ; ಅವರು ಕುದುರೆಗೆ ರಬ್ಬರಿನ ಬೂಟನ್ನೂ ತೊಡಿಸಬಲ್ಲರು. ಬೇಸಿಗೆಯ ಗಿರಾಕಿಯನ್ನೇ ನಂಬಿದ ಮಾಥೇರಾನದ ಕುದುರೆಯವನಿಗೆ ಬಿಡುವು ಸಿಗುವುದು ಮಳೆಗಾಲದಲ್ಲಿ ಮಾತ್ರ. ತಪ್ಪಲಿನ ನೇರಳದಿಂದ ಬೆಟ್ಟಕ್ಕೆ ಬರುವ ಪುಟಾಣಿ ರೈಲು ನಿಂತು ಪ್ರವಾಸಿಗರು ವಿರಳವಾಗುವ ಆ ತಿಂಗಳುಗಳಲ್ಲೇ ಗೊರಸು ಅತಿ ಮೆದುವಾಗಿದ್ದು, ಲಾಳ ಬಿಚ್ಚುವ ಪ್ರಯೋಗಕ್ಕೆ ವರ್ಷದಲ್ಲೇ ಕೆಟ್ಟ ಕಾಲ ಅದಾಗಿರುತ್ತದೆ.