ಬಿಸಿಲೂರಿನ ಪೆನ್ನಿಗೆ ಎಂಥ ಮೈ ಬೇಕು?

ಕಲಬುರಗಿಯ ಬೇಸಿಗೆಯಲ್ಲಿ ಶಾಯಿ ಪೆನ್ನು ಹಿಡಿದವರಿಗೆಲ್ಲ ಇದು ಗೊತ್ತು. ಕೂಲರ್ ಹಾಕಿದ ಕೋಣೆಯಿಂದ ಪೆನ್ನು ತಂದು ಪಡಸಾಲೆಯಲ್ಲಿ ಕುಳಿತು ನಾಲ್ಕು ಸಾಲು ಬರೆಯುವಷ್ಟರಲ್ಲಿ ನಿಬ್ಬಿನಿಂದ ದಪ್ಪ ಹನಿಯೊಂದು ಹಾಳೆಯ ಮೇಲೆ ಬಿದ್ದುಬಿಡುತ್ತದೆ. ಪೆನ್ನಿನೊಳಗಿನ ಗಾಳಿ ಮಾಡುವ ಕೆಲಸವಿದು. ಡ್ರಾಪರಿನಿಂದ ಶಾಯಿ ತುಂಬುವ ಪೆನ್ನು ಅರ್ಧ ಖಾಲಿಯಾಗಿ ಒಳಗೆ 1.5 ಮಿಲಿಲೀಟರ್ ಗಾಳಿ ಇದೆ ಎನ್ನೋಣ. ಅದು 24 ಡಿಗ್ರಿಯಿಂದ 38 ಡಿಗ್ರಿಗೆ ಕಾದರೆ ಸುಮಾರು 0.07 ಮಿಲಿಲೀಟರ್ ಹಿಗ್ಗಿ ಅಷ್ಟೇ ಶಾಯಿಯನ್ನು ಹೊರಗೆ ತಳ್ಳುತ್ತದೆ. ಒಂದು ಹನಿಗಿಂತ ಹೆಚ್ಚೇ ಆಯಿತು.

ಆದ್ದರಿಂದ ನಮ್ಮ ಕಡೆ ಪೆನ್ನು ಮಾಡುವವರು ಬಣ್ಣಕ್ಕಿಂತ ಮೊದಲು ಶಾಖದ ಬಗ್ಗೆ ಯೋಚಿಸಬೇಕು. ಹಿತ್ತಾಳೆಯ ಮೈ ಶಾಖವನ್ನು ಎಬೊನೈಟಿಗಿಂತ ನೂರಾರು ಪಟ್ಟು ಬೇಗ ಒಳಗೆ ಸಾಗಿಸುತ್ತದೆ. ರಬ್ಬರಿಗೆ ಬಹಳಷ್ಟು ಗಂಧಕ ಸೇರಿಸಿ ಗಂಟೆಗಟ್ಟಲೆ ಬೇಯಿಸಿದರೆ ಸಿಗುವ ಗಟ್ಟಿ ವಸ್ತುವೇ ಎಬೊನೈಟ್. ದಪ್ಪ ಗೋಡೆ ಬಿಟ್ಟು ಕಡೆದರೆ ಅದು ಶಾಖವನ್ನು ತಡೆದು ನಿಧಾನಿಸುತ್ತದೆ. ಅಕ್ರಿಲಿಕ್ ಕೂಡ ಶಾಖ ತಡೆಯುವುದರಲ್ಲಿ ಹೆಚ್ಚು ಹಿಂದಿಲ್ಲ. ಆದರೆ ನಿಬ್ಬಿನ ಕೆಳಗಿನ ನಾಲಗೆಗೆ ಎಬೊನೈಟನ್ನೇ ಆರಿಸಿ ಎನ್ನುತ್ತೇನೆ. ನುಣುಪು ಪ್ಲಾಸ್ಟಿಕ್ಕಿನ ಮೇಲೆ ಶಾಯಿ ಮಣಿಯಾಗಿ ನಿಂತರೆ, ಎಬೊನೈಟಿನ ಗೀರಿನಲ್ಲಿ ಹರಡಿಕೊಂಡು ಹರಿಯುತ್ತದೆ. ಬಿಸಿನೀರಿಗೆ ಹಿಡಿದರೆ ಈ ನಾಲಗೆ ಮೆತ್ತಗಾಗುವುದರಿಂದ ಹೆಬ್ಬೆರಳಿನಿಂದ ಒತ್ತಿ ನಿಬ್ಬಿಗೆ ಅಂಟಿ ಕೂರುವಂತೆ ಮಾಡಬಹುದು.

ಬೀದರ್ ಹತ್ತಿರವಿರುವಾಗ ಪೆನ್ನಿಗೆ ಬಿದರಿ ಕೆಲಸದ ಆಸೆ ಹುಟ್ಟುವುದು ಸಹಜ, ನನಗೂ ಇದೆ. ಇಲ್ಲಿ ರಸಾಯನಶಾಸ್ತ್ರ ಎರಡು ಕಡೆ ಅಡ್ಡ ಬರುತ್ತದೆ. ಬಿದರಿಯ ಲೋಹದಲ್ಲಿ ಬಹುಪಾಲು ಸತು, ಸ್ವಲ್ಪ ತಾಮ್ರ. ಆಮ್ಲೀಯ ಶಾಯಿ ಸತುವನ್ನು ತಿನ್ನುತ್ತದೆ, ಹಾಗಾಗಿ ಶಾಯಿ ಅದಕ್ಕೆ ತಾಗಲೇಬಾರದು. ಇನ್ನೊಂದು ಕಡೆ, ಎಬೊನೈಟಿನ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣದಲ್ಲಿ ಮುಳುಗಿ ಬಂದ ಬಿದರಿಯ ಚೆಲುವೆಲ್ಲ ಕಪ್ಪಾದ ನೆಲ ಮತ್ತು ಹೊಳೆಯುವ ಬೆಳ್ಳಿ ಎಳೆಯ ನಡುವಿನ ವ್ಯತ್ಯಾಸದಲ್ಲಿದೆ. ಬೆಳ್ಳಿಯೂ ಕಪ್ಪಾದರೆ ಬಳ್ಳಿಯೇ ಕಾಣದು. ಅದಕ್ಕಾಗಿ ಮೈ ಅಕ್ರಿಲಿಕ್ಕಿನದಾಗಿರಲಿ, ಅದರ ಮೇಲೆ ಬಿದರಿ ಪಟ್ಟಿ ಕೂರಲಿ, ಎಬೊನೈಟ್ ನಾಲಗೆಯಲ್ಲಿ ಮಾತ್ರ ಇರಲಿ.

ಸಲಕರಣೆ ಹೆಚ್ಚೇನೂ ಬೇಡ: ಚಿಕ್ಕ ಲೇತ್, ಡ್ರಿಲ್ ಬಿಟ್‌ಗಳು, ವರ್ನಿಯರ್ ಕ್ಯಾಲಿಪರ್, ಥ್ರೆಡ್ ಕೊರೆಯಲು ಟ್ಯಾಪ್ ಮತ್ತು ಡೈ. ಹಣ ಉಳಿಸಬಾರದ ಜಾಗವೆಂದರೆ ಮುಚ್ಚಳದ ಡೈ. ಪಕ್ಕಪಕ್ಕದಲ್ಲೇ ಸುತ್ತಿ ಸಾಗುವ ಮೂರು ಎಳೆಯ ಥ್ರೆಡ್ ಕೊರೆದರೆ ಸುಮಾರು ಒಂದು ಸುತ್ತಿಗೇ ಮುಚ್ಚಳ ಬಿಗಿಯಾಗುತ್ತದೆ.

ಉಳಿ ಹರಿತವಾಗಿದೆಯೇ ಎಂಬುದನ್ನು ಎಬೊನೈಟ್ ತಾನೇ ಹೇಳುತ್ತದೆ. ಹರಿತವಿದ್ದರೆ ಕಪ್ಪು ರಿಬ್ಬನ್ನಿನಂತೆ ಉದ್ದನೆಯ ಸಿಪ್ಪೆ ಸುರುಳಿ ಸುರುಳಿಯಾಗಿ ಇಳಿದು ಮಣಿಕಟ್ಟಿಗೆ ಸುತ್ತಿಕೊಳ್ಳುತ್ತದೆ. ಮೊಂಡಾಗಿದ್ದರೆ ಪುಡಿ ಉದುರಿ, ಗಂಧಕದ ಸುಟ್ಟ ವಾಸನೆ ಮೂಗಿಗೆ ಅಡರುತ್ತದೆ. ಆಗ ಲೇತ್ ನಿಲ್ಲಿಸಿ ಉಳಿ ಮಸೆಯಬೇಕು.