ಸೀರೀಸ್‌ಗೆ ಮುಂಚೆ ಪಿಸ್ತೂಲು ಲೋಡ್ ಆಗಿದೆಯೋ ಇಲ್ಲವೋ, ನೋಡುವುದು ಹೇಗೆ?

ಓದುಗರ ಪ್ರಶ್ನೆ: “ಸರ್, 10 ಮೀಟರ್ ಏರ್ ಪಿಸ್ತೂಲು ಬಿಟ್ಟು ಈಗ 25 ಮೀಟರ್‌ಗೆ ಬಂದೇನಿ. ಸೀರೀಸ್ ಶುರು ಆಗೂ ಮೊದಲ ಪಾಯಿಂಟ್ 22 ಲೋಡ್ ಆಗೇದೋ ಇಲ್ಲೋ ಅಂತ ಬೋಲ್ಟ್ ಒಂಚೂರು ಹಿಂದ ಎಳದು ನೋಡಿದ್ರ ನಡೀತದೇನ್ರಿ?”

ಈ ಪ್ರಶ್ನೆ ಬೆಳಗಾವಿಯಿಂದ ಬಂದಿತ್ತು, ವಿಜಯಪುರದಿಂದ ಬಂದಿತ್ತು, ಈಗ ಬಾಗಲಕೋಟೆಯ ಸರದಿ. ಉತ್ತರ ಹಳೆಯದೇ: ಬೇಡ. ಬೋಲ್ಟನ್ನು, ಅಂದರೆ ಗುಂಡನ್ನು ಒಳಗೆ ತಳ್ಳಿ ಮುಚ್ಚುವ ಆ ಸರಿಯುವ ತುಂಡನ್ನು, ಒಂಚೂರೂ ಎಳೆಯಬೇಡಿ. ಲೋಡ್ ಆಗಿದೆಯೋ ಇಲ್ಲವೋ ಎಂಬ ಅನುಮಾನಕ್ಕೆ ಜಾಗವೇ ಇಲ್ಲದ ಹಾಗೆ ಲೋಡ್ ಮಾಡಿ. ಆಮೇಲೂ ಅನುಮಾನ ಬಂದರೆ ಪೂರ್ತಿ ಎಳೆದು, ಒಳಗಿನ ಗುಂಡು ಹೊರಗೆ ಹಾಕಿ, ಮೊದಲಿನಿಂದ ಮಾಡಿ. ಅರ್ಧ ಎಳೆಯುವುದು ಎರಡೂ ಕಡೆ ಸಲ್ಲದ ಕೆಲಸ.

ಮೊದಲು ಕೆಲಸದ ಮಾತು. ಸೀರೀಸ್ ಎಂದರೆ ಐದು ಗುಂಡಿನ ಒಂದು ಸರದಿ. “ಲೋಡ್” ಎಂದು ರೇಂಜ್ ಆಫೀಸರ್ ಕೂಗಿದ ಮೇಲೆ ನಿಮ್ಮ ಕೈಯಲ್ಲಿ ಒಂದು ನಿಮಿಷ ಇರುತ್ತದೆ. ಅದು ಕಡಿಮೆ ಅಲ್ಲ. ಎಲ್ಲ ತಪಾಸಣೆಯೂ ಆ ನಿಮಿಷದೊಳಗೇ ಮುಗಿಯಬೇಕು. “ಅಟೆನ್ಷನ್” ಬಿದ್ದು ಕೆಂಪು ದೀಪ ಹತ್ತಿದ ಮೇಲೆ ಪಿಸ್ತೂಲಿನ ಮೇಲೆ ಎಡಗೈ ಆಡಿಸುವ ಹಾಗಿಲ್ಲ ಎಂದೇ ತಿಳಿಯಿರಿ. ರ‍್ಯಾಪಿಡ್‌ನಲ್ಲಂತೂ, ಅಂದರೆ ವೇಗದ ಹಂತದಲ್ಲಂತೂ, ಏಳು ಸೆಕೆಂಡ್ ಕೆಂಪು, ಮೂರು ಸೆಕೆಂಡ್ ಹಸಿರು. ತೋಳು ಕೆಳಗೆ ಚಾಚಿ ಕಾಯುತ್ತಾ ನಿಂತಾಗ “ಬೋಲ್ಟ್ ಮುಚ್ಚಿತ್ತೋ ಇಲ್ಲವೋ” ಎಂಬ ಯೋಚನೆ ತಲೆಯಲ್ಲಿದ್ದರೆ ಮೊದಲ ಗುಂಡು ಎಲ್ಲಿಗೆ ಹೋಗುತ್ತದೆ ಎಂದು ನಾನು ಹೇಳಬೇಕಿಲ್ಲ.

ಮ್ಯಾಗಜೀನ್‌ಗೆ ಐದೇ ಗುಂಡು. ತುಂಬುವಾಗಲೇ ರಿಮ್ ನೋಡಿ. ಪಾಯಿಂಟ್ 22 ಗುಂಡಿನ ಬುಡಕ್ಕೆ ಅಂಚು ಇರುತ್ತದೆ. ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಕೂರಬೇಕು. ಹಿಂದೆ ಸಿಕ್ಕಿಕೊಂಡರೆ ಬೋಲ್ಟ್ ತಳ್ಳಿದಾಗ ಮೇಲಿನ ಗುಂಡು ಕೆಳಗಿನದನ್ನೂ ಎಳೆದುಕೊಂಡು ಹೋಗಲು ನೋಡುತ್ತದೆ, ಅಲ್ಲೇ ಜಾಮ್. ತುಂಬಿದ ಮೇಲೆ ಮೂಗುಗಳೆಲ್ಲ ಒಂದೇ ಓರೆಯಲ್ಲಿ ಮೇಲಕ್ಕೆ ನೋಡುತ್ತಿವೆಯೇ ಎಂದು ಪಕ್ಕದ ಸೀಳಿನಿಂದ ನೋಡಿ. ಆರನೆಯ ಗುಂಡೊಂದು ಮೇಜಿನ ಮೇಲೆ ಬೇರೆ ಇರಲಿ. ಅದು ಯಾಕೆ ಎಂದು ಕೆಳಗೆ ಹೇಳುತ್ತೇನೆ.

ಬೋಲ್ಟ್ ಹಿಂದೆ ನಿಂತಿರುವಾಗಲೇ ಮ್ಯಾಗಜೀನ್ ಹಾಕಿ. ಕ್ಲಿಕ್ ಎಂಬ ಸದ್ದನ್ನು ನಂಬಬೇಡಿ. ಪಕ್ಕದ ಲೇನ್‌ನವರ ಮ್ಯಾಗಜೀನೂ ಅದೇ ಹೊತ್ತಿಗೆ ಕ್ಲಿಕ್ ಅನ್ನುತ್ತದೆ, ಕಿವಿಯ ಮೇಲೆ ಮಫ್ ಬೇರೆ ಇರುತ್ತದೆ. ಹಾಕಿದ ಮೇಲೆ ಬುಡ ಹಿಡಿದು ಕೆಳಕ್ಕೆ ಒಮ್ಮೆ ಎಳೆಯಿರಿ. ಬಾರದಿದ್ದರೆ ಕೂತಿದೆ. ಲೋಡ್ ಆಗದ ಪಿಸ್ತೂಲಿಗೆ ಬಹುಪಾಲು ಕಾರಣ ಇದೇ: ಮ್ಯಾಗಜೀನ್ ಎರಡು ಮಿಲಿಮೀಟರ್ ಕೆಳಗೆ ನಿಂತಿರುತ್ತದೆ, ಬೋಲ್ಟ್ ಗುಂಡಿನ ತಲೆಯ ಮೇಲಿನಿಂದ ಹಾದು ಹೋಗಿ ಖಾಲಿ ಚೇಂಬರಿನ (ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಜಾಗ) ಮೇಲೆ ಮುಚ್ಚಿಕೊಳ್ಳುತ್ತದೆ. ನೋಡುವವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಈಗ ಖೋಕಾ (ಗುಂಡಿನ ಹಿತ್ತಾಳೆ ಕವಚ) ಹೊರಬೀಳುವ ಕಿಂಡಿಯಲ್ಲಿ ಕಣ್ಣಿಟ್ಟು ಮೊದಲ ಗುಂಡು ಕಾಣುತ್ತಿದೆಯೇ ನೋಡಿ. ಬಾಯಿ ಟಾರ್ಗೆಟ್ ಕಡೆಗೇ, ಬೆರಳು ಟ್ರಿಗರ್‌ನಿಂದ ಹೊರಗೇ. ಬೋಲ್ಟನ್ನು ಕೊನೆಯ ತನಕ ಹಿಂದಕ್ಕೆ ಎಳೆದು, ಎರಡೂ ಬೆರಳು ಸಡಿಲಿಸಿ ಬಿಟ್ಟುಬಿಡಿ. ಬಿಡುವುದು ಎಂದರೆ ಬಿಡುವುದು. ಆಮೇಲೆ ಬೋಲ್ಟಿನ ಹಿಂಬದಿ ನೋಡಿ. ಪೂರ್ತಿ ಮುಚ್ಚಿದಾಗ ಅದು ಫ್ರೇಮಿನ ಯಾವ ಗೆರೆಗೆ ಬಂದು ನಿಲ್ಲುತ್ತದೆ ಎಂಬುದನ್ನು ಖಾಲಿ ಪಿಸ್ತೂಲಿನಲ್ಲಿ ಮೊದಲೇ ಗುರುತಿಟ್ಟುಕೊಂಡಿರಬೇಕು. ಅದೇ ಗೆರೆಗೆ ಬಂದಿದ್ದು, ಕಿಂಡಿಯಲ್ಲಿದ್ದ ಗುಂಡು ಹೊರಗೆ ಬೀಳದೆ ಮುಂದಕ್ಕೆ ಹೋದದ್ದನ್ನು ಕಣ್ಣು ಕಂಡಿದ್ದರೆ, ಪಿಸ್ತೂಲು ಲೋಡ್ ಆಗಿದೆ. ಮುಗಿಯಿತು. ಮತ್ತೆ ಮುಟ್ಟಬೇಡಿ.

ಗೆರೆಗೆ ಬರದೆ ಒಂದು ಮಿಲಿಮೀಟರ್ ಹಿಂದೆ ನಿಂತಿತೇ? ಹೆಬ್ಬೆರಳಿನಿಂದ ಒತ್ತಿ ಮುಚ್ಚುವ ಆಸೆಯಾಗುತ್ತದೆ. ಒತ್ತಬೇಡಿ, ಅದು ಮುಚ್ಚದಿರಲು ಏನೋ ಕಾರಣ ಇದೆ. ಮೊದಲು ಮ್ಯಾಗಜೀನ್ ತೆಗೆಯಿರಿ, ಆಮೇಲೆ ಬೋಲ್ಟ್ ಪೂರ್ತಿ ಎಳೆದು ಆ ಗುಂಡು ಹೊರಗೆ ಹಾಕಿ, ಮ್ಯಾಗಜೀನ್ ಒಳಗೆ ನಾಲ್ಕೇ ಉಳಿದಿರುತ್ತವೆ, ಮೇಜಿನ ಮೇಲಿನ ಆರನೆಯದನ್ನು ಸೇರಿಸಿ ಮತ್ತೆ ಹಾಕಿ. ಅಭ್ಯಾಸ ಇದ್ದವರಿಗೆ ಇಷ್ಟಕ್ಕೆ ಅರ್ಧ ನಿಮಿಷ ಬೇಡ. ಹೊರಬಿದ್ದ ಗುಂಡನ್ನು ಆ ಸೀರೀಸ್‌ಗೆ ಮತ್ತೆ ಬಳಸಬೇಡಿ. ಅದರ ಸೀಸಕ್ಕೆ ಪೆಟ್ಟಾಗಿರಬಹುದು, ನೆಲದ ಮಣ್ಣು ಅಂಟಿರಬಹುದು.

ಇಷ್ಟು ಹೇಳಿದ ಮೇಲೂ ಮುಂದಿನ ವಾರ ಬರುವ ಮಾತು ಯಾವುದೆಂದು ಗೊತ್ತು: “ಬೋಲ್ಟ್ ಹಂಗ ಫಟ್ ಅಂತ ಬಿಟ್ರ ಪಿಸ್ತೂಲು ಹಾಳಾಗ್ತದ್ರೀ, ಕೈಯಾಗ ಹಿಡದು ಮೆಲ್ಲಕ ಬಿಡಬೇಕು ಅಂತ ನಮ್ಮ ಸೀನಿಯರ್ ಹೇಳ್ಯಾರ.” ಈ ಸೀನಿಯರ್ ಯಾರೋ, ಮೂರೂ ಜಿಲ್ಲೆಯಲ್ಲಿ ಇದ್ದಾರೆ. ಅವರ ಈ ಒಂದು ಮಾತು ಎಷ್ಟು ಸೀರೀಸ್ ಕೆಡಿಸಿದೆಯೋ ಲೆಕ್ಕವಿಲ್ಲ. ಬೋಲ್ಟ್ ಅರ್ಧ ಎಳೆದು ನೋಡುವ ಚಟವೂ ಇದರ ಮರಿಯೇ. ಹಾಗಾಗಿ ಇದನ್ನು ಬುಡದಿಂದ ನೋಡೋಣ.

ಬೋಲ್ಟ್ ಮುಂದಕ್ಕೆ ಹೋಗುವಾಗ ಬರೀ ಮುಚ್ಚಿಕೊಳ್ಳುವುದಲ್ಲ, ನಾಲ್ಕು ಕೆಲಸ ಮಾಡುತ್ತದೆ. ಮ್ಯಾಗಜೀನ್ ತುಟಿಗಳ ಹಿಡಿತದಿಂದ ಗುಂಡನ್ನು ಬಿಡಿಸುತ್ತದೆ, ಕೆಳಗಿನ ಸ್ಪ್ರಿಂಗ್ ಅದನ್ನು ಮೇಲಕ್ಕೆ ಒತ್ತಿಕೊಂಡೇ ಇರುತ್ತದೆ. ಇಳಿಜಾರಿನ ಮೇಲೆ ಅದನ್ನು ಹತ್ತಿಸಿ ಚೇಂಬರಿನ ಬಾಯಿಗೆ ತರುತ್ತದೆ. ಮೇಣ ಹಚ್ಚಿದ ಸೀಸದ ಗುಂಡನ್ನು ಬಿಗಿಯಾದ ಚೇಂಬರಿನೊಳಗೆ ಕೊನೆಯ ತನಕ ತಳ್ಳುತ್ತದೆ. ಕಡೆಯಲ್ಲಿ ಎಕ್ಸ್‌ಟ್ರ್ಯಾಕ್ಟರಿನ ಕೊಕ್ಕೆಯನ್ನು (ಖೋಕಾ ಹೊರಗೆಳೆಯುವುದು ಇದೇ) ರಿಮ್ಮಿನ ಮೇಲೆ ಹತ್ತಿಸಿ ಕೂರಿಸುತ್ತದೆ. ಈಗ ಗಮನಿಸಿ: ಹೆಚ್ಚು ಬಲ ಬೇಕಾದ ಎರಡು ಕೆಲಸ ಕೊನೆಯ ಕೆಲವು ಮಿಲಿಮೀಟರ್‌ಗಳಲ್ಲಿವೆ. ಆದರೆ ಸ್ಪ್ರಿಂಗ್ ಎಲ್ಲಕ್ಕಿಂತ ಸೋತಿರುವುದೂ ಅದೇ ಜಾಗದಲ್ಲಿ. ಬೋಲ್ಟ್ ಪೂರ್ತಿ ಹಿಂದಿರುವಾಗ ಸ್ಪ್ರಿಂಗ್ ಚೆನ್ನಾಗಿ ಅದುಮಿರುತ್ತದೆ, ಮುಂದಕ್ಕೆ ಬಂದಷ್ಟೂ ಹಿಗ್ಗಿ ಅದರ ಬಲ ಇಳಿಯುತ್ತದೆ. ಹಾಗಾದರೆ ಕೊನೆಯ ಕೆಲಸ ಮಾಡುವುದು ಯಾವುದು? ಹಿಂದಿನಿಂದ ಓಡಿಬಂದ ಬೋಲ್ಟಿನ ವೇಗ. ಆ ವೇಗವನ್ನೇ ನೀವು ಕೈಯಲ್ಲಿ ಹಿಡಿದು ಕೊಂದರೆ ಉಳಿಯುವುದು ಸೋತ ಸ್ಪ್ರಿಂಗ್ ಮಾತ್ರ. ಟ್ರ್ಯಾಕ್ಸ್ ಗಾಡಿಯ ಬಾಗಿಲು ಮೆಲ್ಲಗೆ ಒತ್ತಿದರೆ ಲಾಕ್ ಬೀಳುವುದಿಲ್ಲ, ಡ್ರೈವರ್ “ಜೋರ್ ಹಾಕ್ರೀ” ಎಂದು ಒದರುತ್ತಾನಲ್ಲ, ಹಾಗೇ.

ಟಾರ್ಗೆಟ್ ಪಿಸ್ತೂಲಿನಲ್ಲಿ ಇದು ಇನ್ನೂ ಸೂಕ್ಷ್ಮ. ಪಂದ್ಯದ ಪಾಯಿಂಟ್ 22 ಗುಂಡು ಶಾಂತ ಗುಂಡು, ಹಿಂದಕ್ಕೆ ಒದೆಯುವ ಶಕ್ತಿ ಕಡಿಮೆ. ಅಷ್ಟರಲ್ಲೇ ಬೋಲ್ಟ್ ತೆರೆಯಬೇಕು ಎಂದು ತಯಾರಕರು ಸ್ಪ್ರಿಂಗನ್ನು ಹಗುರಾಗಿಯೇ ಇಟ್ಟಿರುತ್ತಾರೆ. ಮಿಕ್ಕ ಬಲ ಎಂಬುದು ಅದರಲ್ಲಿ ಇಲ್ಲ.

ಬೋಲ್ಟ್ ಐದು ಮಿಲಿಮೀಟರ್ ಎಳೆದು ಒಳಗೆ ಇಣುಕಿದಾಗ ಆಗುವುದೂ ಇದೇ. ಮುಚ್ಚಿದ್ದ ಬೋಲ್ಟನ್ನು ನೀವೇ ತೆರೆದಿರಿ, ಮತ್ತೆ ಮುಚ್ಚಲು ಅದಕ್ಕೆ ಓಡಲು ಐದು ಮಿಲಿಮೀಟರ್ ಮಾತ್ರ ಕೊಟ್ಟಿರಿ. ಕೂದಲೆಳೆಯಷ್ಟು ಹಿಂದೆ ನಿಂತರೆ ಟ್ರಿಗರ್ ಒತ್ತಿದಾಗ ಗುಂಡಿಗೆ ಪೆಟ್ಟು ಕೊಡುವ ಹ್ಯಾಮರ್ ಬೀಳುವುದೇ ಇಲ್ಲ, ಅಥವಾ ಬಿದ್ದ ಪೆಟ್ಟಿನ ಅರ್ಧ ಶಕ್ತಿ ಬೋಲ್ಟ್ ಮುಚ್ಚುವುದಕ್ಕೇ ಖರ್ಚಾಗಿ ಗುಂಡು ಹಾರುವುದಿಲ್ಲ. ಬೋಲ್ಟ್ ಪೂರ್ತಿ ಮುಚ್ಚದೆ ಗುಂಡು ಹಾರಿಬಿಟ್ಟರೆ ಅದು ಇನ್ನೂ ಕೆಟ್ಟದ್ದು: ಪಾಯಿಂಟ್ 22ರ ತೆಳು ಖೋಕಾದ ಬುಡಕ್ಕೆ ಆಸರೆ ಇಲ್ಲದೆ ಒಡೆದು, ಹಿತ್ತಾಳೆಯ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಕಣ್ಣಿಗೆ ಶೂಟಿಂಗ್ ಗ್ಲಾಸ್ ಹಾಕಿ ಎಂದು ಬಡಕೊಳ್ಳುವುದು ಇದಕ್ಕೇ. ಚೇಂಬರ್ ತುಂಬಾ ಬಿಗಿ ಇರುವ ಕೆಲವು ಬಂದೂಕುಗಳಲ್ಲಿ ಸೀಸದ ಮೂಗು ನಳಿಗೆಯ ಗೆರೆಗಳಿಗೆ ಕಚ್ಚಿಕೊಂಡಿರುತ್ತದೆ. ಎಳೆದರೆ ಖೋಕಾ ಮಾತ್ರ ಬಂದು, ಸೀಸ ನಳಿಗೆಯಲ್ಲೇ ಉಳಿದು, ಮದ್ದು ಒಳಗೆಲ್ಲ ಚೆಲ್ಲುವುದೂ ಉಂಟು.

ಹಾಗಾದರೆ ಆ ಸೀನಿಯರ್‌ಗೆ ಈ ಮಾತು ಬಂದದ್ದು ಎಲ್ಲಿಂದ? ಸುಳ್ಳಲ್ಲದ ಎರಡು ಬೇರು ಇವೆ. ಒಂದು, ನಮ್ಮ ಕಡೆಯ ಬಹಳ ಮಂದಿ ಮೊದಲು ಹಿಡಿದ ಸಾಮಾನೇ ಬೇರೆ. ವಿಜಯಪುರದ ಸೈನಿಕ ಶಾಲೆ, ಬೆಳಗಾವಿಯ ಕಾಲೇಜುಗಳ ಎನ್‌ಸಿಸಿ ಎಂದು ಬಂದವರಿಗೆ ಪಾಯಿಂಟ್ 22 ಬೋಲ್ಟ್ ರೈಫಲ್. ಅಲ್ಲಿ ಬೋಲ್ಟನ್ನು ಕೈಯಿಂದಲೇ ತಳ್ಳಿ, ಹಿಡಿಕೆ ಕೆಳಕ್ಕೆ ತಿರುಗಿಸಿ ಮುಚ್ಚಬೇಕು. ಏರ್ ಪಿಸ್ತೂಲಿನವರಿಗೆ ಪೆಲೆಟ್ ಇಟ್ಟು ಲಿವರ್ ಕೈಯಿಂದ ಮುಚ್ಚುವ ರೂಢಿ, ಅಲ್ಲಿ ಫಟ್ ಎನಿಸಿದರೆ ಕೋಚ್ ಕಣ್ಣು ಕೆಂಪಗಾಗುತ್ತದೆ. ಎರಡರಲ್ಲೂ ಕೊನೆಯ ಮಿಲಿಮೀಟರ್‌ನ ಬಲ ಕೊಡುವುದು ನಿಮ್ಮ ಕೈ. ಅರೆ-ಸ್ವಯಂಚಾಲಿತ ಪಿಸ್ತೂಲಿನಲ್ಲಿ ಆ ಕೆಲಸ ಸ್ಪ್ರಿಂಗ್‌ದು, ಕೈ ಅಡ್ಡ ಬರಬಾರದು.

ಎರಡನೆಯದು, ಖಾಲಿ ಚೇಂಬರಿನ ಮೇಲೆ ಬೋಲ್ಟ್ ಅಥವಾ (ಬೇರೆ ಪಿಸ್ತೂಲುಗಳಲ್ಲಿ ಅದರ ಕೆಲಸ ಮಾಡುವ) ಸ್ಲೈಡನ್ನು ಫಟ್ ಎಂದು ಬಿಡುವುದು ನಿಜವಾಗಿಯೂ ಒಳ್ಳೆಯದಲ್ಲ. ನಯವಾಗಿ ತಿದ್ದಿದ ಟ್ರಿಗರ್ ಇರುವ ಪಿಸ್ತೂಲಿನಲ್ಲಿ ಆ ಪೆಟ್ಟು ಹ್ಯಾಮರ್ ಮತ್ತು ಅದನ್ನು ಹಿಡಿದಿಡುವ ಸಿಯರ್ ಕಚ್ಚುವ ಅಂಚಿಗೆ ಬೀಳುತ್ತದೆ. ಗುಂಡು ಇದ್ದಾಗ ಮ್ಯಾಗಜೀನ್‌ನಿಂದ ಅದನ್ನು ಎಳೆದು ತರುವುದರಲ್ಲೇ ಬೋಲ್ಟಿನ ರಭಸ ಒಂದಿಷ್ಟು ಇಳಿದಿರುತ್ತದೆ. ಖಾಲಿ ಇದ್ದಾಗ ತಡೆಯೇ ಇಲ್ಲ. ಹಾಗಾಗಿ ಖಾಲಿ ಇದ್ದಾಗ ಕೈಯಲ್ಲಿ ಹಿಡಿದು ಬಿಡಿ, ಗುಂಡು ಇದ್ದಾಗ ಕೈ ಬಿಡಿ. ಸೀನಿಯರ್ ಮೊದಲ ಅರ್ಧ ಕಲಿತು ಎರಡನೆಯ ಅರ್ಧದ ದಿನ ರಜೆ ಹಾಕಿದ್ದರು ಅಂತ ಕಾಣುತ್ತದೆ.

“ಮತ್ತೆ ವಿಡಿಯೋದಲ್ಲಿ ದೊಡ್ಡ ದೊಡ್ಡ ಶೂಟರ್‌ಗಳು ಸ್ಲೈಡ್ ಎಳೆದು ನೋಡ್ತಾರಲ್ಲ?” ನೋಡುತ್ತಾರೆ. ಅದು ಐಪಿಎಸ್‌ಸಿ, ಓಡಾಡುತ್ತಾ ಹೊಡೆಯುವ ಆಟ, ಹೆಚ್ಚಾಗಿ 9 ಎಂಎಂ. ನಮ್ಮಲ್ಲಿ ಅದು ಸಾಮಾನ್ಯ ನಾಗರಿಕರಿಗೆ ನಿಷೇಧಿತ ಬೋರ್ (ನಳಿಗೆಯ ಅಳತೆ). ಅಲ್ಲಿ ಸ್ಪ್ರಿಂಗ್ ಗಟ್ಟಿ, ಖೋಕಾ ದಪ್ಪ, ಸ್ಲೈಡ್ ಭಾರ. “ಲೋಡ್ ಆ್ಯಂಡ್ ಮೇಕ್ ರೆಡಿ” ಆದ ಮೇಲೆ ಹಿತ್ತಾಳೆ ಕಾಣುವಷ್ಟು ಮಾತ್ರ ಎಳೆದು ನೋಡಿ, ಬಿಟ್ಟ ಮೇಲೆ ಸ್ಲೈಡಿನ ಹಿಂಬದಿಗೆ ಅಂಗೈಯಿಂದ ಒಂದು ತಟ್ಟು ತಟ್ಟುತ್ತಾರೆ. ಆ ತಟ್ಟು ಯಾಕೆ ಎಂದು ಯೋಚಿಸಿ: ಅರ್ಧ ಎಳೆದ ಸ್ಲೈಡ್ ಪೂರ್ತಿ ಮುಚ್ಚದೇ ಇರಬಹುದು ಎಂದು ಅವರಿಗೂ ಗೊತ್ತು. ಎರಡು ಸಾಲಿನ ಮ್ಯಾಗಜೀನ್ ಇದ್ದವರಿಗೆ ಇನ್ನೊಂದು ದಾರಿಯಿದೆ. ಹಾಕುವ ಮೊದಲು ಮೇಲಿನ ಗುಂಡು ಬಲಕ್ಕಿತ್ತೋ ಎಡಕ್ಕಿತ್ತೋ ನೋಡಿಟ್ಟುಕೊಳ್ಳುವುದು, ಸ್ಲೈಡ್ ಬಿಟ್ಟ ಮೇಲೆ ಮ್ಯಾಗಜೀನ್ ತೆಗೆದು ನೋಡುವುದು. ಬಲದಲ್ಲಿದ್ದದ್ದು ಎಡಕ್ಕೆ ಬಂದಿದ್ದರೆ ಒಂದು ಚೇಂಬರ್ ಸೇರಿದೆ. ನಿಮ್ಮದು ಒಂದೇ ಸಾಲು, ಈ ಉಪಾಯ ನಡೆಯುವುದಿಲ್ಲ.

ಇಷ್ಟಾದ ಮೇಲೂ ಹಸಿರು ದೀಪಕ್ಕೆ ತೋಳೆತ್ತಿ ಒತ್ತಿದಾಗ ಬರೀ ಕ್ಲಿಕ್ ಅಂದರೆ? ಏನೂ ಮಾಡಬೇಡಿ. ಪಿಸ್ತೂಲು ಟಾರ್ಗೆಟ್ ಕಡೆಗೇ ಇರಲಿ, ಹಿಡಿತ ಸಡಿಲಿಸಬೇಡಿ, ಇನ್ನೊಂದು ಕೈ ಎತ್ತಿ ರೇಂಜ್ ಆಫೀಸರನ್ನು ಕರೆಯಿರಿ. ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಿಯಮದಲ್ಲಿ ಕೈಕೊಟ್ಟ ಪಿಸ್ತೂಲಿಗೆ ಎರಡು ಗುಂಪು: ಮನ್ನಾ ಇರುವುದು, ಮನ್ನಾ ಇಲ್ಲದ್ದು. ಪೆಟ್ಟು ಬಿದ್ದೂ ಗುಂಡು ಹಾರದಿದ್ದರೆ, ಖೋಕಾ ಹೊರಬರದೆ ಸಿಕ್ಕಿಕೊಂಡಿದ್ದರೆ ಮನ್ನಾ ಇದೆ, ಉಳಿದ ಅವಕಾಶ ನಿಯಮದಂತೆ ಸಿಗುತ್ತದೆ. ಪಿಸ್ತೂಲು ಲೋಡೇ ಆಗಿರಲಿಲ್ಲ, ಗುಂಡು ಕಡಿಮೆ ಇತ್ತು, ಮ್ಯಾಗಜೀನ್ ಸರಿಯಾಗಿ ಕೂತಿರಲಿಲ್ಲ, ಸೇಫ್ಟಿ ತೆಗೆದಿರಲಿಲ್ಲ ಎಂದಾದರೆ ಮನ್ನಾ ಇಲ್ಲ, ಹಾರಿಸದ ಪ್ರತಿ ಗುಂಡಿಗೂ ಸೊನ್ನೆ. ಆಫೀಸರ್ ಬರುವ ಮೊದಲೇ ನೀವು ಬೋಲ್ಟ್ ಮುಟ್ಟಿದರೆ ಮನ್ನಾ ಆಗಬೇಕಾದದ್ದೂ ಹೋಗುತ್ತದೆ. ಏನಾಯಿತು ಎಂದು ನೋಡುವ ಕುತೂಹಲಕ್ಕೆ ಐದು ಗುಂಡಿನ ಬೆಲೆ ತೆತ್ತವರು ಬೇಕಾದಷ್ಟಿದ್ದಾರೆ. ಪಕ್ಕದ ಕೊಲ್ಹಾಪುರದ ರಾಹಿ ಸರ್ನೋಬತ್ 2018ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದದ್ದು ಇದೇ 25 ಮೀಟರ್ ಪಿಸ್ತೂಲಿನಲ್ಲಿ. ಅವರು ಸಾಲಿನಲ್ಲಿ ನಿಂತು ಲೋಡ್ ಮಾಡುವ ವಿಡಿಯೋ ಸಿಕ್ಕರೆ ಟಾರ್ಗೆಟ್ ಬಿಟ್ಟು ಎಡಗೈಯನ್ನೇ ನೋಡಿ.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಯಾಕೆಂದರೆ ಬೋಲ್ಟ್ ಮುಚ್ಚದಿರುವ ದೂರು ನಮ್ಮಲ್ಲಿ ಮಾರ್ಚ್‌ನಿಂದ ಮೇ ತನಕ ಜಾಸ್ತಿ. ವಿಜಯಪುರದ ಬಿಸಿಲು 40 ಡಿಗ್ರಿ ದಾಟಿದ ದಿನ ಗುಂಡಿನ ಡಬ್ಬಿಯನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಸೀಸದ ಮೇಲಿನ ಮೇಣ ಮೆತ್ತಗಾಗುತ್ತದೆ. ಅದಕ್ಕೆ ಎರೆಮಣ್ಣಿನ ಧೂಳು ಅಂಟುತ್ತದೆ. ಹಾಗೇ ಲೋಡ್ ಮಾಡಿದರೆ ಮೇಣ, ಧೂಳು, ಮಸಿ ಎಲ್ಲ ಸೇರಿ ಚೇಂಬರಿನ ಮುಂಭಾಗದಲ್ಲಿ ಉಂಗುರ ಕಟ್ಟುತ್ತದೆ. ಪ್ರಿಸಿಷನ್ (ನಿಧಾನದ ಮೊದಲ ಹಂತ) ಚೆನ್ನಾಗಿ ಹೋಗಿ ರ‍್ಯಾಪಿಡ್‌ನ ಕೊನೆಯ ಸೀರೀಸ್‌ಗಳಲ್ಲಿ ಬೋಲ್ಟ್ ಹಿಂದೆ ನಿಲ್ಲತೊಡಗಿದರೆ ಸ್ಪ್ರಿಂಗ್ ಬದಲಿಸುವ ಮೊದಲು ಚೇಂಬರ್ ಬ್ರಷ್ ಹಾಕಿ ನೋಡಿ. ಗುಂಡಿನ ಡಬ್ಬಿ ಕಾರಿನಲ್ಲಿ ಬಿಡದೆ ಕಿಟ್ ಬ್ಯಾಗಿನ ಒಳಗೆ, ನೆರಳಿನಲ್ಲಿ ಇರಲಿ.

ಇನ್ನು ಕೆಲವರು ಜಾಮ್ ಆಯಿತೆಂದು ಮ್ಯಾಗಜೀನ್ ಒಳಗೆ ಎಣ್ಣೆ ಬಿಡುತ್ತಾರೆ. ಎಣ್ಣೆ ಧೂಳನ್ನು ಹಿಡಿದುಕೊಂಡು ಸಂಜೆಯೊಳಗೆ ಅಂಟು ರಾಡಿಯಾಗುತ್ತದೆ, ಗುಂಡನ್ನು ಮೇಲೆತ್ತುವ ಫಾಲೋವರ್ ನಡುವೆಯೇ ನಿಲ್ಲುತ್ತದೆ. ಮ್ಯಾಗಜೀನ್ ಒಣಗೇ ಇರಬೇಕು. ಈಗಾಗಲೇ ಎಣ್ಣೆ ಕುಡಿಸಿದ್ದರೆ ಬುಡದ ಮುಚ್ಚಳ ಬಿಚ್ಚಿ, ಸ್ಪ್ರಿಂಗ್ ಮತ್ತು ಫಾಲೋವರ್ ಹೊರತೆಗೆದು, ಒಣ ಹತ್ತಿಬಟ್ಟೆಯಿಂದ ಒಳಹೊರಗೆ ಒರೆಸಿ ಜೋಡಿಸಿ. ಬಿಚ್ಚುವ ಮೊದಲು ಸ್ಪ್ರಿಂಗಿನ ತುದಿ ಯಾವ ಕಡೆಗಿತ್ತು ಎಂದು ಮೊಬೈಲಿನಲ್ಲಿ ಒಂದು ಫೋಟೋ ಹೊಡೆದುಕೊಳ್ಳಿ, ತಿರುಗಾಮುರುಗಾ ಹಾಕಿ ಮತ್ತೆ ಇಲ್ಲಿಗೇ ಪ್ರಶ್ನೆ ಕಳಿಸಬೇಡಿ.