ಮನೆ ಪ್ರಿಂಟರಲ್ಲಿ ಸೆನ್ಸರ್ ಪ್ರಿಂಟ್ ಮಾಡೋಕಾಗುತ್ತಾ?

ಓದುಗರ ಪ್ರಶ್ನೆ: ಇಂಕ್‌ಜೆಟ್ ಪ್ರಿಂಟರಲ್ಲೇ ಸೆನ್ಸರು, ಪುಟಾಣಿ ಮೋಟರು ಎಲ್ಲಾ ಪ್ರಿಂಟ್ ಮಾಡ್ತಾರಂತೆ, ನಿಜಾನಾ? ನಮ್ಮನೆ ಪ್ರಿಂಟರಲ್ಲಿ ಆಗುತ್ತಾ?

ನಿಜಾನೇ. ಸೆನ್ಸರ್ ಮಟ್ಟಿಗೆ ಮನೆ ಪ್ರಿಂಟರಲ್ಲೂ ಆಗುತ್ತೆ, ಮೋಟರ್ ಬೇಕು ಅಂದ್ರೆ ಕಷ್ಟ.

2013ರಲ್ಲಿ ಟೋಕಿಯೋ ಯೂನಿವರ್ಸಿಟಿಯ ಯೋಶಿಹಿರೋ ಕವಾಹರಾ ಮತ್ತವರ ಜೊತೆಯವರು ಅಂಗಡೀಲಿ ಸಿಗೋ ಬ್ರದರ್ ಪ್ರಿಂಟರಿಗೆ ಬೆಳ್ಳಿ ಇಂಕ್ ತುಂಬಿ, ಫೋಟೋ ಪೇಪರ್ ಥರದ ಹಾಳೆ ಮೇಲೆ ಸರ್ಕ್ಯೂಟು, ಟಚ್ ಸೆನ್ಸರು ಎಲ್ಲಾ ಪ್ರಿಂಟ್ ಮಾಡಿ ತೋರಿಸಿದ್ರು. ಒಲೆ ಓವನ್ ಯಾವ್ದೂ ಬೇಡ, ಇಂಕ್ ಒಣಗ್ತಿದ್ದ ಹಾಗೇ ಬೆಳ್ಳಿ ಕಣಗಳು ತಾವೇ ಒಂದಕ್ಕೊಂದು ಅಂಟ್ಕೊಂಡು ಕರೆಂಟ್ ಹರಿಯೋಕೆ ಶುರು. ಪ್ರಿಂಟರ್ ಆರಿಸೋವಾಗ ಒಂದು ವಿಷ್ಯ ನೋಡ್ಬೇಕು: ಎಚ್‌ಪಿ, ಕ್ಯಾನನ್‌ನ ಮನೆ ಮಾಡೆಲ್‌ಗಳು ಸಾಮಾನ್ಯವಾಗಿ ಇಂಕನ್ನ ಕಾಯಿಸಿ ಗುಳ್ಳೆ ಎಬ್ಬಿಸಿ ಹನಿ ಚಿಮ್ಮಿಸ್ತವೆ, ಎಪ್ಸನ್, ಬ್ರದರ್‌ನಲ್ಲಿ ಪೀಜೋ ಹೆಡ್ (ಕರೆಂಟ್ ಕೊಟ್ರೆ ಆಕಾರ ಬದಲಿಸೋ ವಸ್ತು ಇರೋ ಹೆಡ್) ಇರುತ್ತೆ, ಅದು ಕಾಯಿಸಲ್ಲ, ಬರೀ ಒತ್ತುತ್ತೆ, ಇಂಥ ಇಂಕಿಗೆ ಅದೇ ವಾಸಿ.

ಲೋಹ ಇಂಕ್ ಆಗೋದು ಹೆಂಗೆ ಅಂದ್ರೆ (ಮೇಲೆ ಹೇಳಿದ ಬೆಳ್ಳಿ ಇಂಕಿನ ಹಾಗೆ ಎಲ್ಲಾ ಇಂಕೂ ಬಿಸಿ ಇಲ್ದೆ ಅಂಟ್ಕೊಳಲ್ಲ), ಚಿನ್ನದ ಗಟ್ಟಿ ಕರಗೋಕೆ 1064 ಡಿಗ್ರಿ ಬೇಕು, ಆದ್ರೆ ಅದನ್ನೇ ಕೆಲವೇ ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ) ಸೈಜಿನ ಕಣ ಮಾಡಿ ದ್ರವದಲ್ಲಿ ತೇಲಿಬಿಟ್ರೆ 300 ಡಿಗ್ರಿ ಆಸುಪಾಸಲ್ಲೇ ಕಣಗಳು ಬೆಸೆದ್ಕೊಂಡು ಹೆಚ್ಚುಕಮ್ಮಿ ಗಟ್ಟಿ ಚಿನ್ನದ ಥರಾನೇ ಆಗಿಬಿಡ್ತವೆ.

ಇದನ್ನೇ ಹಿಡ್ಕೊಂಡು ಅಮೆರಿಕದ ಎಂಐಟಿ ಯೂನಿವರ್ಸಿಟಿಯ ಸಾಯರ್ ಫುಲ್ಲರ್, ಎರಿಕ್ ವಿಲ್ಹೆಲ್ಮ್, ಜೋಸೆಫ್ ಜೇಕಬ್‌ಸನ್ 2002ರಲ್ಲೇ ಚಿನ್ನ ಬೆಳ್ಳಿ ಇಂಕಲ್ಲಿ ಪದರದ ಮೇಲೆ ಪದರ ಹಾಕಿ, ಕೆಲವಕ್ಕೆ 400 ಪದರದವರೆಗೂ, ಎಲೆಕ್ಟ್ರೋಸ್ಟಾಟಿಕ್ ಮೋಟರು (ವಿದ್ಯುತ್ ಚಾರ್ಜಿನ ಸೆಳೆತದಿಂದ ಓಡೋದು), ಬಿಸಿಯಾದ್ರೆ ಬಾಗೋ ಆಕ್ಚುಯೇಟರು (ಕರೆಂಟ್ ಕೊಟ್ರೆ ಅಲ್ಲಾಡೋ ಭಾಗ) ಮಾಡಿದ್ರು. ಅಲ್ಲಾಡೋ ಭಾಗದ ಕೆಳಗೆ ಖಾಲಿ ಜಾಗ ಬೇಕಲ್ವಾ, ಗಾಳಿ ಮೇಲೆ ಪ್ರಿಂಟ್ ಮಾಡೋಕಾಗಲ್ಲ. ಅದಕ್ಕೆ ಮನೆ ಮೋಲ್ಡ್ ಹಾಕೋವಾಗ ಸೆಂಟ್ರಿಂಗ್ ಕಟ್ಟಿ ಆಮೇಲೆ ಬಿಚ್ತೀವಲ್ಲ, ಹಂಗೇ ಮೊದ್ಲು ಒಂದು ಬೇರೆ ಪದರ ಹಾಕಿ, ಅದರ ಮೇಲೆ ಲೋಹ ಕೂರಿಸಿ, ಕೊನೇಲಿ ಕೆಳಗಿನ ಪದರಾನ ಕೆಮಿಕಲ್ಲಲ್ಲಿ ಕರಗಿಸಿ ತೆಗೀತಾರೆ. ಮನೆ ಪ್ರಿಂಟರ್ ಸೋಲೋದೇ ಇಲ್ಲಿ. ಎಂಐಟಿಯವರ ಹತ್ರ ಬೇರೆ ಬೇರೆ ಇಂಕಿಗೆ ಬೇರೆ ಬೇರೆ ಹೆಡ್ಡು, ಮೂರೂ ದಿಕ್ಕಿಗೆ ಓಡಾಡೋ ಮೆಷೀನು, ಬಿಸಿ ಮಾಡಿದ ತಟ್ಟೆ ಎಲ್ಲಾ ಇತ್ತು.

ಹಂಗಂತ ಸಿಲಿಕಾನ್ ಚಿಪ್‌ನ ಕಾಲ ಮುಗೀತು ಅಂತ ಯಾರಾದ್ರೂ ಹೇಳಿದ್ರೆ ನಾನಂತೂ ಒಪ್ಪಲ್ಲ. ಎಂಐಟಿಯವರು ಮಾಡಿದ ಭಾಗಗಳ ಸೈಜೇ 100 ಮೈಕ್ರಾನ್ (ಮಿಲಿಮೀಟರಿನ ಹತ್ತನೇ ಒಂದು ಭಾಗ) ಆಸುಪಾಸು, ಫೋನಲ್ಲಿರೋ ಆಕ್ಸೆಲೆರೋಮೀಟರ್ (ಫೋನ್ ಅಲ್ಲಾಡಿದ್ದು, ವಾಲಿದ್ದು ಗೊತ್ತುಮಾಡೋ ಸಿಲಿಕಾನ್ ಸೆನ್ಸರು) ಒಳಗಿನ ಹಲ್ಲುಗಳು ಕೆಲವೇ ಮೈಕ್ರಾನ್. ಹನಿ ಒಣಗೋವಾಗ ಕಣಗಳೆಲ್ಲ ಅಂಚಿಗೆ ಓಡಿ ಅಲ್ಲೇ ಗುಡ್ಡೆ ಆಗೋದು ಇನ್ನೊಂದು ತಲೆನೋವು, ಪದರ ಸಮ ಬರಲ್ಲ. (ತಮಾಷೆ ಅಂದ್ರೆ ಹನಿ ಚಿಮ್ಮಿಸೋ ಆ ಪ್ರಿಂಟ್ ಹೆಡ್ಡೇ ಒಂದು ಪುಟಾಣಿ ಆಕ್ಚುಯೇಟರು.)

ಟ್ರೈ ಮಾಡೋದಾದ್ರೆ ಟಚ್ ಸೆನ್ಸರ್‌ನಿಂದ ಶುರು ಮಾಡಿ, ಅದಕ್ಕೆ ಒಂದೇ ಪದರ ಸಾಕು. ಹಳೇ ಪ್ರಿಂಟರ್ ಬಳಸಿ, ಬೆಳ್ಳಿ ಇಂಕ್ ನಾಝಲ್‌ನಲ್ಲಿ ಒಣಗಿದ್ರೆ ಹೆಡ್ ಕಟ್ಕೊಳ್ಳುತ್ತೆ, ಆಮೇಲೆ ಅದರಲ್ಲಿ ಮಕ್ಕಳ ಪ್ರಾಜೆಕ್ಟ್ ಪ್ರಿಂಟೂ ಬರಲ್ಲ.